ಓಗೊಟ್ಟ ಬಾವಿ

ಕಗ್ಗಲಪಾಳ್ಯದ ಚರ್ಚಿನ ಹಿಂದೆ, ನೆಲ ಪಡುವಣಕ್ಕೆ ಇಳಿಜಾರಾಗುವಲ್ಲಿ, ಒಂದು ಹಳೆಯ ಬಾವಿಯಿದೆ. ಅದಕ್ಕೆ ಎರಡು ಬಾಯಿ. ಒಂದು ಕಲ್ಲುಕಟ್ಟೆಯ ದುಂಡನೆಯ ಬಾಯಿ. ಇನ್ನೊಂದು ಇಳಿಜಾರಿನ ಮಗ್ಗುಲಿನಿಂದ ಒಳಗೆ ಹೋಗುವ, ಬೆನ್ನು ಬಗ್ಗಿಸಿಯೇ ನಡೆಯಬೇಕಾದ ಸುರಂಗ. ಕಾಗದಪತ್ರಗಳಲ್ಲಿ ಅದು ಬರಿಯ ಚರ್ಚಿನ ಬಾವಿ. ಊರವರು ಮಾತ್ರ ಓಗೊಟ್ಟ ಬಾವಿ ಎನ್ನುತ್ತಾರೆ.

ಚರ್ಚಿಗೆ ಇನ್ನೂ ಹುಲ್ಲಿನ ಮಾಡು ಇದ್ದ ಕಾಲ. ಬಾವಿ ತೋಡಲು ಇಳಿದವನು ಇನ್ನಾಸಪ್ಪ. ಸುತ್ತಲ ಹತ್ತೂರಿನಲ್ಲಿ ನೆಲದ ಗುಣ ಬಲ್ಲವನೆಂದು ಹೆಸರಾಗಿದ್ದವನು. ಆದರೆ ಚರ್ಚಿನೊಳಗೆ ಅವನು ಬಾಯಿ ಬಿಡುತ್ತಿರಲಿಲ್ಲ. ಮೂರು ವರ್ಷದ ಹಿಂದೆ ಒಬ್ಬಳೇ ಮಗಳು ಅಗ್ನೇಸು ಜ್ವರದಲ್ಲಿ ಮಲಗಿದ್ದಾಗ ಅವನು ಕರೆಯದ ಸಂತರಿಲ್ಲ, ಹೊರದ ಹರಕೆಯಿಲ್ಲ. ಮಗು ಉಳಿಯಲಿಲ್ಲ. ಅಂದಿನಿಂದ ಭಾನುವಾರ ಹೆಂಡತಿ ಮದಲೇನಮ್ಮನ ಜೊತೆ ಬಂದು ಕಂಬಕ್ಕೊರಗಿ ನಿಲ್ಲುವನು. ಸಂತರ ಹೆಸರಿಗೆ ಎಲ್ಲರೂ "ನಮಗಾಗಿ ಪ್ರಾರ್ಥಿಸಿರಿ" ಎಂದರೆ ಇವನು ಹಲ್ಲು ಕಚ್ಚಿ ನೆಲ ನೋಡುವನು.

ಎಂಟಾಳು ಆಳಕ್ಕೆ ಹೋದ ದಿನ, ಬಿಸಿಲೇರುವ ಹೊತ್ತಿಗೆ, ಮೂಡಣ ಗೋಡೆ ಕುಸಿಯಿತು. ಜಾರಿಬಂದ ಬಂಡೆಯೊಂದು ಎದುರು ಗೋಡೆಗೆ ಓರೆಯಾಗಿ ಆತುಕೊಂಡದ್ದರಿಂದ ಇನ್ನಾಸಪ್ಪ ಜೀವಂತ ಉಳಿದ. ಕುಕ್ಕರುಗಾಲಿನಲ್ಲಿ ಕೂರಲು ಸಾಲುವಷ್ಟೇ ಜಾಗ. ಎಡಗಾಲು ಮೊಣಕಾಲಿನವರೆಗೂ ಮಣ್ಣಿನಲ್ಲಿ ಹುಗಿದಿತ್ತು. ಕೈಯೆತ್ತಿದರೆ ಬಂಡೆ, ಚಾಚಿದರೆ ಮಣ್ಣು. ಕೂಗಿದ. ಮೇಲೆ ಗುದ್ದಲಿಗಳ ಸದ್ದು, ಹೆಂಗಸರ ಗೋಳು. ಅವರ ದನಿ ಇವನಿಗೆ ಕೇಳುತ್ತಿತ್ತು, ಇವನದು ಅವರನ್ನು ಮುಟ್ಟಲಿಲ್ಲ. ಧೂಳು ಕುಡಿದ ಗಂಟಲು ಕೊನೆಗೆ ಬರಿಯ ಉಸಿರಾಯಿತು. 

ಇಳಿಹೊತ್ತಿಗೆ ಗುದ್ದಲಿಗಳು ನಿಂತವು. ಜೊತೆಗೆಲಸದ ರಾಯಪ್ಪನ ದನಿ ಕೇಳಿಸಿತು: "ಮದಲೇನಕ್ಕಾ, ಇನ್ನೊಂದು ಗೋಡೆಯೂ ಬಿರುಕು ಬಿಟ್ಟಿದೆ. ಇನ್ನು ಅಗೆದರೆ ಮೇಲಿರುವವರೂ ಒಳಗೆ ಹೋಗುತ್ತೇವೆ. ನಮ್ಮಣ್ಣ ಇಲ್ಲ ಅಂದುಕೋ ತಾಯಿ. ಪಾದ್ರಿ ಸ್ವಾಮಿಗಳು ಬರೋದು ಮುಂದಿನ ತಿಂಗಳು. ಸಂತರ ಪ್ರಾರ್ಥನೆ ನೀನೇ ಹೇಳಿಬಿಡು."

ಬದುಕಿರುವಾಗಲೇ ತನ್ನನ್ನು ಸತ್ತವರ ಲೆಕ್ಕಕ್ಕೆ ಸೇರಿಸಿದ್ದನ್ನು ಇನ್ನಾಸಪ್ಪ ಕಿವಿಯಾರೆ ಕೇಳಿದ. ಕೂಗಲು ಗಂಟಲಿಲ್ಲ. ಮೇಲೆ ಮದಲೇನಮ್ಮ ಒಂದೊಂದೇ ಹೆಸರು ಕರೆದಳು. ಊರು ಒಕ್ಕೊರಲಿನಿಂದ ಉತ್ತರಿಸಿತು. ಸಂತ ಜೋಸೆಫರು ಬಂದರು, ಪೇತ್ರರು ಬಂದರು, ಪೌಲರು ಬಂದರು. ಒಂದು ಹೆಸರಿಗೂ ಅವನ ತುಟಿ ಅಲುಗಲಿಲ್ಲ.

"ಸಂತ ಅಗ್ನೇಸಮ್ಮನವರೇ..." ಎಂದವಳು ಅಲ್ಲೇ ಬಿಕ್ಕಿದಳು. ಅವಳ ಮುಖ ಕಂಡು ನೆರೆದವರಿಗೆ ಉತ್ತರ ಹೇಳುವುದೇ ಮರೆಯಿತು. ಬಾವಿಯ ಮೇಲೂ ಕೆಳಗೂ ನಿಶ್ಶಬ್ದ. ಆ ಹೆಸರು ಹಾಗೆ ಒಂಟಿಯಾಗಿ ನಿಂತದ್ದು ಇನ್ನಾಸಪ್ಪನಿಗೆ ತಡೆಯಲಾಗಲಿಲ್ಲ. ಕಾಪಾಡಿರೆಂದು ಕೂಗಬೇಕೆಂಬ ಯೋಚನೆಯೂ ಅವನಲ್ಲಿರಲಿಲ್ಲ. ಹರಿದ ಗಂಟಲಿನಿಂದ ಹೇಳಿದ: "ನಮಗಾಗಿ ಪ್ರಾರ್ಥಿಸಿರಿ."

"ನಮ್ಮವರು ಓಗೊಟ್ಟರು!" ಮದಲೇನಮ್ಮ ಚೀರಿದಳು. "ರಾಯಪ್ಪಾ, ಅವರೇ ಓಗೊಟ್ಟರು ಕಣೋ!"

ಮೇಲಿನಿಂದ ಅಗೆಯುವಂತಿರಲಿಲ್ಲ. ಇಳಿಜಾರಿನ ಮಗ್ಗುಲಿಂದ ಕೊರೆಯಲು ಶುರುಮಾಡಿದರು. ದಿಕ್ಕು ತಿಳಿಯಲು ಒಂದೇ ದಾರಿ: ಮದಲೇನಮ್ಮ ಸಂತರ ಹೆಸರು ಕರೆಯುವುದು, ಇನ್ನಾಸಪ್ಪ ಉತ್ತರಿಸುವುದು, ರಾಯಪ್ಪ ಮಣ್ಣಿಗೆ ಕಿವಿಯಿಟ್ಟು ಹಾರೆ ಹಾಕುವುದು. ಹೆಸರುಗಳು ಮುಗಿದರೆ ಮತ್ತೆ ಮೊದಲಿನಿಂದ. ಮಾರನೆಯ ದಿನ ಮಧ್ಯಾಹ್ನ ಅವನನ್ನು ಎಳೆದು ತಂದರು. ಎಡಗಾಲು ಮುಂದೆಂದೂ ನೆಟ್ಟಗಾಗಲಿಲ್ಲ. ತಿಂಗಳು ಕಳೆದು ಬಂದ ಸ್ವಾಮಿಗಳು, ಯಾವ ಸಂತರು ಕಾಪಾಡಿದರಪ್ಪಾ ಎಂದು ಕೇಳಿದರಂತೆ. "ಅದು ನನಗೆ ತಿಳಿಯದು ಸ್ವಾಮಿ. ಮಗಳ ಹೆಸರಿಗೆ ಯಾರೂ ಉತ್ತರ ಹೇಳಲಿಲ್ಲ, ನಾನು ಹೇಳಿದೆ" ಎಂದನಂತೆ ಇನ್ನಾಸಪ್ಪ.

ಇಂದಿಗೂ ದೀಪ ಹಿಡಿದು ಆ ಸುರಂಗ ಹೊಕ್ಕವರಿಗೆ ಗೋಡೆಯ ತುಂಬ ಹಾರೆಯ ಗುರುತುಗಳು ಕಾಣುತ್ತವೆ. ಹದಿನೈದು ಹೆಜ್ಜೆ ನೆಟ್ಟಗೆ ಹೋದ ಸುರಂಗ ಅಲ್ಲಿ ಸುಮ್ಮನೆ ಬಲಕ್ಕೆ ಹೊರಳುತ್ತದೆ. ಮೂರು ಮೊಳ ದಾರಿ ತಪ್ಪಿ, ಮತ್ತೆ ಎಡಕ್ಕೆ ತಿರುಗಿ ಬಾವಿಯನ್ನು ಸೇರುತ್ತದೆ. ಹೊಸಬರು ಕಾರಣ ಕೇಳಿದರೆ ಊರ ಹಿರಿಯರು ಆ ತಿರುವಿನ ಮೇಲೆ ಅಂಗೈ ಇಟ್ಟು, ಇಲ್ಲಿ ಸ್ವಲ್ಪ ಹೊತ್ತು ಅವನ ದನಿ ನಿಂತುಹೋಗಿತ್ತು ಎನ್ನುತ್ತಾರೆ.