ಹರಿಣಾಕ್ಷಿಯ ಕೈ ನಡುಗಿದ ದಿನ

ಹರಿಣಾಕ್ಷಿಗೆ ಒಂಬತ್ತನೆಯ ವಯಸ್ಸಿಗೇ ಸಕ್ಕರೆ ಕಾಯಿಲೆ ಬಂತು. ಮಾತ್ರೆಗೆ ಬಗ್ಗುವ ಕಾಯಿಲೆಯಲ್ಲ. ದಿನವೂ ಇನ್ಸುಲಿನ್ ಚುಚ್ಚಿಕೊಳ್ಳಬೇಕು. ಬದುಕಿರುವ ತನಕ.

ತಾಯಿ ಬೀಡಿ ಕಟ್ಟಿ ಸಾಕಿದಳು. ಹುಡುಗಿ ಎಷ್ಟೋ ಸಲ ಆಸ್ಪತ್ರೆಯಲ್ಲಿ ಮಲಗಿದಳು. ಮಾತಿಲ್ಲದೆ ಕೈ ಎಳೆದು ಸೂಜಿ ಚುಚ್ಚುವ ನರ್ಸುಗಳನ್ನು ಕಂಡಳು. "ಇವತ್ತು ಯಾವ ಕೈ ಕೊಡ್ತೀ?" ಎಂದು ಕೇಳಿ ಚುಚ್ಚುವವಳನ್ನೂ ಕಂಡಳು. ಅಂಥವಳು ಒಬ್ಬಳೇ. ಆ ಒಬ್ಬಳಂತೆ ತಾನಾಗಬೇಕೆಂದು ಹುಡುಗಿ ನಿಶ್ಚಯಿಸಿದಳು.

ಪಿಯುಸಿ ಮುಗಿಯಿತು. ನರ್ಸಿಂಗ್ ಓದುತ್ತೇನೆ ಎಂದಳು.

ತಾಯಿ ಬೀಡಿಯ ಮೊರ ಕೆಳಗಿಟ್ಟಳು. "ಹುಚ್ಚಾ ನಿನಗೆ? ಮಲಗಿದ್ದು ಸಾಲಲಿಲ್ಲವಾ? ಮತ್ತೆ ಅದೇ ಆಸ್ಪತ್ರೆಯಾ?"

"ಅಲ್ಲಿ ನನಗೆ ದಾರಿ ಗೊತ್ತುಂಟಲ್ಲ ಅಮ್ಮ."

ಸೋದರಮಾವ ಬುದ್ಧಿ ಹೇಳಿದ. "ಹೋಗುವುದಾದರೆ ಹೋಗು. ಕಾಯಿಲೆಯ ಸುದ್ದಿ ಮಾತ್ರ ಎತ್ತಬೇಡ ಮಾರಾಯ್ತಿ. ರೋಗಿಯನ್ನು ಯಾರು ನರ್ಸ್ ಮಾಡ್ತಾರೆ?"

ಹುಡುಗಿ ಆ ಮಾತು ಕೇಳಿದಳು. ಅಲ್ಲೇ ಎಡವಿದಳು.

ಅವಳು ಹೋದದ್ದು ತನ್ನ ಗುರುತಿನವರಿಲ್ಲದ ಬೇರೊಂದು ಆಸ್ಪತ್ರೆಗೆ. ಅಲ್ಲಿಯ ನರ್ಸಿಂಗ್ ಶಾಲೆಯ ಮುಖ್ಯಸ್ಥೆ ಎವ್ಜಿನ್ ಸಿಸ್ಟರ್. ಅವರದೊಂದು ಪದ್ಧತಿ. ಬಂದ ಹುಡುಗಿಯರನ್ನು ಮೊದಲು ಒಂದು ತಿಂಗಳು ವಾರ್ಡಿನಲ್ಲಿ ದುಡಿಸುವುದು. ಸೀಟು ಆಮೇಲೆ. ಅಂಕಪಟ್ಟಿಯನ್ನು ಅವರು ಕಣ್ಣೆತ್ತಿಯೂ ನೋಡುತ್ತಿರಲಿಲ್ಲ.

ಹರಿಣಾಕ್ಷಿ ಚೆನ್ನಾಗಿ ದುಡಿದಳು. ಬಚ್ಚಲಿನ ಬಾಗಿಲು ಹಾಕಿಕೊಂಡು ಇನ್ಸುಲಿನ್ ಚುಚ್ಚಿಕೊಂಡಳು. ಯಾರಿಗೂ ತಿಳಿಯಲಿಲ್ಲ.

ಅವಳ ಪಾಲಿಗೆ ಬಂದದ್ದು ಕಲ್ಯಾಣಿ ಅಜ್ಜಿ. ಅಂಗಳದಲ್ಲಿ ಜಾರಿ ಸೊಂಟ ಮುರಿದುಕೊಂಡಿದ್ದ ಮುದುಕಿ. ಆಪರೇಷನ್ ಆಗಿತ್ತು. ಮತ್ತೆ ಬಿದ್ದೇನೆಂಬ ಹೆದರಿಕೆ ಮಾತ್ರ ಹೋಗಿರಲಿಲ್ಲ. ಆದರೂ ಮನೆಯ ರೂಢಿ ಬಿಟ್ಟವಳಲ್ಲ. ಮಂಚದ ಬಳಿ ಬಂದವರಿಗೆಲ್ಲ ಡಬ್ಬಿಯಿಂದ ಬೆಲ್ಲದ ತುಂಡು ಕೊಟ್ಟು ನೀರು ಕೊಡುತ್ತಿದ್ದಳು. ಹರಿಣಾಕ್ಷಿ ದಿನವೂ ಬೇಡವೆನ್ನುತ್ತಿದ್ದಳು.

"ನಮ್ಮ ಬೆಲ್ಲ ಆಗುದಿಲ್ಲವಾ ನಿನಗೆ? ದೊಡ್ಡ ಮನೆಯವಳು ನೀನು!" ಎಂದು ಅಜ್ಜಿ ಮೂತಿ ತಿರುವುತ್ತಿದ್ದಳು.

ತಿಂಗಳ ಕೊನೆಯ ದಿನ ಬಂತು. ಬೆಳಿಗ್ಗೆ ಹರಿಣಾಕ್ಷಿ ಇನ್ಸುಲಿನ್ ಚುಚ್ಚಿಕೊಂಡಳು. ತಿಂಡಿಗೆ ಕೂರುವಷ್ಟರಲ್ಲಿ ಕರೆ ಬಂತು. ಅಜ್ಜಿಯನ್ನು ಮೊದಲ ಸಲ ನಡೆಸಬೇಕು. ತಿಂದು ಬರುತ್ತೇನೆ ಎನ್ನಬಹುದಿತ್ತು. ಯಾಕೆ ಎಂದು ಕೇಳಿದರೆ? ಸುಮ್ಮನೆ ಎದ್ದು ಹೋದಳು.

ಇನ್ಸುಲಿನ್ ಹೊಕ್ಕ ಮೈಗೆ ಅನ್ನ ಬೀಳಲೇಬೇಕು. ಇಲ್ಲವಾದರೆ ರಕ್ತದ ಸಕ್ಕರೆ ಇಳಿಯುತ್ತದೆ. ಬೆವರು ಬರುತ್ತದೆ, ಕೈ ನಡುಗುತ್ತದೆ, ಕಣ್ಣು ಮಂಜಾಗುತ್ತದೆ.

ಅಜ್ಜಿ ಅವಳ ಹೆಗಲು ಹಿಡಿದು ಎದ್ದು ನಿಂತಳು. ಒಂದು ಹೆಜ್ಜೆ ಇಟ್ಟಳು. ಅಷ್ಟರಲ್ಲಿ ಹುಡುಗಿಯ ಕೈ ನಡುಗಿತು. ಎವ್ಜಿನ್ ಸಿಸ್ಟರ್ ಬಾಗಿಲಲ್ಲೇ ನಿಂತು ನೋಡುತ್ತಿದ್ದರು. ಬಾಗಿಲ ತನಕ ಹೋಗಿ ಬಂದರೆ ಸೀಟು ಸಿಕ್ಕಿದಂತೆ. ಹಲ್ಲು ಕಚ್ಚಿದರೆ ಮುಗಿದೀತು. ಆದರೆ ತೋಳಿನಲ್ಲಿರುವುದು ಮುರಿದ ಸೊಂಟದ ಮುದುಕಿ.

ಹರಿಣಾಕ್ಷಿ ನಿಂತಳು. ಅಜ್ಜಿಯನ್ನು ಮೆಲ್ಲನೆ ಹಿಂದಕ್ಕೆ ತಂದು ಮಂಚದ ಮೇಲೆ ಕೂರಿಸಿದಳು. ಎಲ್ಲರಿಗೂ ಕೇಳುವಂತೆ ಹೇಳಿದಳು:

"ಸಿಸ್ಟರ್, ನನಗೆ ಸಕ್ಕರೆ ಕಾಯಿಲೆ ಉಂಟು. ಈಗ ಸಕ್ಕರೆ ಇಳಿದಿದೆ. ಅಜ್ಜಿಯನ್ನು ಹಿಡಿಯುವ ಶಕ್ತಿ ನನ್ನ ಕೈಗಿಲ್ಲ. ಬೇರೆಯವರನ್ನು ಕರೆಯಿರಿ."

ಆಮೇಲೆ ಮುದುಕಿಯ ಕಡೆ ತಿರುಗಿದಳು. "ಅಜ್ಜಿ, ಬೆಲ್ಲ ಕೊಡಿ."

"ಅಯ್ಯೋ ಮಗಾ, ಇಷ್ಟು ದಿನ ಬೇಡ ಅಂದದ್ದು ಇದಕ್ಕಾ!" ಅಜ್ಜಿ ಡಬ್ಬಿಯನ್ನೇ ಅವಳ ಮಡಿಲಿಗೆ ಹಾಕಿದಳು.

ಇಳಿದ ಸಕ್ಕರೆ ಏರಲೆಂದು ಹುಡುಗಿ ನೆಲದ ಮೇಲೆ ಕೂತು ಬೆಲ್ಲ ಜಗಿದಳು. ಜೊತೆಯವಳು ಶರ್ಮಿಳಾ, ಗಟ್ಟಿಮುಟ್ಟಾದ ಹುಡುಗಿ, ಓಡಿ ಬಂದಳು. ನೋಡಿ ನಕ್ಕಳು.

"ಒಳ್ಳೆ ನರ್ಸ್! ಇವಳನ್ನು ಹಿಡಿಯಲಿಕ್ಕೇ ಒಬ್ಬಳು ನರ್ಸ್ ಬೇಕಲ್ಲ?"

ಹರಿಣಾಕ್ಷಿ ಇನ್ನೊಂದು ತುಂಡು ಬಾಯಿಗೆ ಹಾಕಿಕೊಂಡಳು. ನಡುಕ ನಿಲ್ಲುವ ತನಕ ಕೂತಿದ್ದಳು. ಆಮೇಲೆ ಎದ್ದು ಹೇಳಿದಳು: "ನಾನು ಮುಚ್ಚಿಟ್ಟದ್ದು ತಪ್ಪು ಸಿಸ್ಟರ್. ಮನೆಗೆ ಹೋಗ್ತೇನೆ."

"ಹೋಗು ಎಂದು ನಾನು ಹೇಳಿದೆನಾ?" ಎವ್ಜಿನ್ ಸಿಸ್ಟರ್ ಗದರಿದರು. "ಇಡೀ ತಿಂಗಳು ಸುಳ್ಳು. ಅದಕ್ಕೆ ಬೈಗುಳ ಬಾಕಿ ಉಂಟು. ಅಲ್ಲೇ ನಿಲ್ಲು."

ಅವರು ಮುದುಕಿಯ ಹತ್ತಿರ ಬಂದರು. "ಅಜ್ಜಿ, ಬೀಳುವ ಹೆದರಿಕೆ ನಿಮಗೆ. ನೀವೇ ಹೇಳಿ. ನಾಳೆ ನಿಮ್ಮನ್ನು ಯಾರು ನಡೆಸಬೇಕು? ಈ ಗಟ್ಟಿ ಹುಡುಗಿಯಾ, ಅವಳಾ?"

ಅಜ್ಜಿ ಇಬ್ಬರನ್ನೂ ನೋಡಿದಳು. ಹೆಚ್ಚು ಹೊತ್ತು ತೆಗೆದುಕೊಳ್ಳಲಿಲ್ಲ.

"ಇವಳು ಗಟ್ಟಿ ಇದ್ದಾಳೆ, ಹೌದು. ಸುಸ್ತಾದ ದಿನ ಹೇಳ್ತಾಳೋ ಇಲ್ಲವೋ ನನಗೆ ಗೊತ್ತಿಲ್ಲ. ಅವಳು ಬೀಳಿಸುವ ಮೊದಲೇ ಹೇಳಿದಳು. ನನಗೆ ಅವಳೇ ಸಾಕು."

ಸಿಸ್ಟರ್ ತಲೆಯಾಡಿಸಿದರು. "ನನಗೂ ಸಾಕು" ಎಂದರು. ಮತ್ತೆ ಹುಡುಗಿಗೆ ಹೇಳಿದರು: "ಇನ್ನು ಬಚ್ಚಲಲ್ಲಿ ಅಡಗಬೇಡ. ವಾರ್ಡಿನಲ್ಲೇ ಕೂತು ಚುಚ್ಚಿಕೊ. ಸೂಜಿಗೆ ಹೆದರುವ ರೋಗಿಗಳು ನೋಡಿ ಧೈರ್ಯ ತಂದುಕೊಳ್ಳಲಿ. ಈಗ ಹೋಗಿ ತಿಂಡಿ ತಿನ್ನು."

ನೀತಿ: ನೋವು ಉಂಡವರೆಲ್ಲ ನೋವು ಕಳೆಯುವವರಾಗುವುದಿಲ್ಲ. ತನ್ನ ಬಲ ಎಲ್ಲಿ ಮುಗಿಯುತ್ತದೆಂದು ತಿಳಿದು, ಅದನ್ನು ಸಮಯಕ್ಕೆ ಸರಿಯಾಗಿ ಹೇಳುವ ಧೈರ್ಯ ಇರಬೇಕು. ಅಂಥವರ ಕೈಯನ್ನು ನಂಬಿ ಹಿಡಿಯಬಹುದು.