ಶಿರಸ್ತೇದಾರರ ಭಾರತ ಪ್ರವಾಸ ವಾಡಿಯಲ್ಲಿ ನಿಂತದ್ದು

ನಮ್ಮ ತಾಲೂಕು ಕಚೇರಿಯ ಶಿರಸ್ತೇದಾರ ಪಟ್ಟಾಭಿಯ ಪಂಚಾಂಗದ ಹುಚ್ಚು ಊರಿಗೇ ಗೊತ್ತಲ್ಲ, ಆ ಮಹಾಶಯ ಸಿಕ್ಕಿಬಿದ್ದ ಕಥೆ ಕೇಳಿ.

ಗುಮಾಸ್ತೆ ಚಂಪಕಮ್ಮ ಬೀದರಿನಲ್ಲಿರೋ ಮಗಳ ಹೆರಿಗೆಗೆ ಮಂಗಳವಾರದಿಂದ ರಜೆ ಕೇಳಿದಳು.

"ಮಂಗಳವಾರ ಉತ್ತರಕ್ಕೆ ವಾರಶೂಲೆ. ಆ ದಿಕ್ಕಿಗೆ ಹೆಜ್ಜೆ ಇಟ್ಟರೆ ಕೇಡು. ರಜೆ ಇಲ್ಲ," ಅಂದ. ಮೇಲೊಂದು ಹುಕುಂ ಬೇರೆ: "ನಾನೂ ನಮ್ಮನೆಯವಳೂ ಸೋಮವಾರ ಹೊರಡ್ತೀವಿ. ಏಳು ದಿನದಲ್ಲಿ ಇಡೀ ಭಾರತ ನೋಡಬೇಕು. ಪ್ಲಾನ್ ಬರಕೊಡು."

ಬರೆದಳು. ಊಟದ ಡಬ್ಬಿ ತಂದಿದ್ದ ಅವನ ಹೆಂಡತಿ ಅದನ್ನ ಗಟ್ಟಿಯಾಗಿ ಓದಿದಳು: "ಸೋಮವಾರ ದೆಹಲಿ ರೈಲು. ಮಂಗಳವಾರ ಬೆಳಗಾಗುತ್ತಲೇ ವಾಡಿ ಜಂಕ್ಷನ್ನಿನಲ್ಲಿ ಇಳಿಯುವುದು, ಉತ್ತರಕ್ಕೆ ಶೂಲೆ. ಬುಧವಾರವೂ ಶೂಲೆ, ಅಲ್ಲೇ ಬೆಂಚಿನ ಮೇಲೆ. ಗುರುವಾರ ಮುಂದಕ್ಕೆ. ಶನಿವಾರ ಪೂರ್ವಕ್ಕೆ ಶೂಲೆ, ಕಾಶಿ ಇಲ್ಲ..."

"ಎರಡು ದಿನ ನನ್ನನ್ನ ವಾಡಿ ಬಿಸಿಲಲ್ಲಿ ಒಣಗಿಸ್ತೀರೇನ್ರೀ?" ಅಂತ ಆಯಮ್ಮ ಡಬ್ಬಿ ಕುಕ್ಕಿದಳು.

ಪಟ್ಟಾಭಿಯ ಮುಖ ಸುಟ್ಟ ಬದನೆಕಾಯಿ ಆಗಿತ್ತಂತೆ. "ಶೂಲೆಯೂ ಇಲ್ಲ ಗೀಲೆಯೂ ಇಲ್ಲ, ಅದನ್ನೆಲ್ಲ ಹೊಡೆದುಹಾಕು!" ಅಂತ ಕಿರುಚಿದ. ಕಚೇರಿಗೆ ಕಚೇರಿಯೇ ಕೇಳಿಸಿಕೊಂಡಿತು.

ಚಂಪಕಮ್ಮ ರಜೆ ಅರ್ಜಿ ಮುಂದಿಟ್ಟಳು. "ಹಾಗಾದ್ರೆ ಸಹಿ ಹಾಕಿ ಸಾರ್. ಹಾಕದಿದ್ರೂ ಮಂಗಳವಾರ ನಾನು ಉತ್ತರಕ್ಕೇ ಹೋಗೋದು. ನನ್ನ ಮಗಳಿಗೆ ನೋವು ನಿಮ್ಮನ್ನ ಕೇಳಿಕೊಂಡು ಬರಲ್ಲ."