ಇಲ್ಲ ಎಂದವರು

“ಗುರುಗಳೇ, ಪರನಾಡಿನ ಜನಕ್ಕೆ ತಮ್ಮನ್ನು ತಾವೇ ಆಳಿಕೊಳ್ಳುವುದನ್ನೂ ಕಲಿಸಬೇಕು, ನಮ್ಮ ಸರಕಿಗೆ ಅವರ ಸುಂಕದ ಬಾಗಿಲನ್ನೂ ತೆರೆಸಬೇಕು. ಈ ಎರಡು ಕೆಲಸ ಒಬ್ಬನಿಂದ ಆದೀತೇ?” ಎಂದು ಶಿಷ್ಯ ಕೇಳಿದ. ಮರುದಿನವೇ ಅವನು ರಾಯಭಾರಿಯಾಗಿ ಹೊರಡುವವನಿದ್ದ. ಅರಮನೆಯ ಓಲೆ ಕೈಯಲ್ಲೇ ಇತ್ತು. ಉತ್ಸಾಹಕ್ಕೆ ಲಂಗುಲಗಾಮು ಇರಲಿಲ್ಲ.

ಗುರುಗಳು ಕತೆ ಹೇಳಿದರು.

ಒಬ್ಬ ರಾಯಭಾರಿ ಇದೇ ಎರಡು ಕೆಲಸ ಹೊತ್ತು ಉಪ್ಪು ತೆಗೆಯುವ ಒಂದೂರಿಗೆ ಹೋದ. ಒಳ್ಳೆಯವನೇ. ಆ ಊರಿನವರು ಯಾರು ಏನು ಕೇಳಿದರೂ ‘ಅಪ್ಪಣೆ’ ಎನ್ನುತ್ತಿದ್ದರು. ತಲೆತಲಾಂತರದಿಂದ ಬೇರೆ ಮಾತು ಆಡಿದವರಲ್ಲ. ಅವನು ಎಲ್ಲರನ್ನೂ ಸಭೆ ಸೇರಿಸಿ, “ಒಪ್ಪದಿದ್ದರೆ ಇಲ್ಲ ಎನ್ನಿ. ಅಷ್ಟು ಬಂದರೆ ಊರು ನಿಮ್ಮದು” ಎಂದ. ಮೂರು ದಿನ ಬಾಯಿಪಾಠ ಮಾಡಿಸಿದ. ಕೊನೆಗೆ ಒಬ್ಬ ಮುದುಕಿ ಹೆದರುತ್ತ ಹೆದರುತ್ತ “ಇಲ್ಲ” ಎಂದಳು. ಎಂದು, ತಾನೇ ನಕ್ಕಳು. ರಾಯಭಾರಿಯ ಕಣ್ಣು ತುಂಬಿ ಬಂತು.

ನಾಲ್ಕನೆಯ ದಿನ ಅವನು ಒಪ್ಪಂದದ ಓಲೆ ಬಿಚ್ಚಿದ. “ನಮ್ಮ ನಾಡಿನ ಉಪ್ಪು ಸುಂಕವಿಲ್ಲದೆ ಇಲ್ಲಿಗೆ ಬರಬೇಕು. ಒಪ್ಪಿಗೆಯೇ?”

“ಅದು ಬಂದ್ರೆ ನಮ್ಮ ಉಪ್ಪು ಯಾರು ಕೊಳ್ತಾರೆ ಸ್ವಾಮಿ? ನಾವು ಬದುಕೋದು ಬ್ಯಾಡ್ವಾ? ಇಲ್ಲ” ಎಂದಳು ಮುದುಕಿ. ಸಭೆಯೆಲ್ಲ “ಇಲ್ಲ” ಎಂದಿತು.

ರಾಯಭಾರಿ ಓಲೆಯನ್ನು ತನ್ನತ್ತ ಎಳೆದುಕೊಂಡ. ಬರಿಗೈಯಲ್ಲಿ ಮರಳಿದರೆ ಪದವಿ ಹೋಗುತ್ತಿತ್ತು. ಇವರಿಗೆ ಇನ್ನೂ ಸರಿಯಾಗಿ ತಿಳಿಯದು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡು, ಓಲೆಯ ಕೆಳಗೆ ಬರೆದ: ‘ಸಭೆ ಸೇರಿತ್ತು. ಇಲ್ಲ ಎಂದವರು ಯಾರೂ ಇಲ್ಲ.’ ಮುದ್ರೆ ಒತ್ತಿದ. ಅವನ ನಾಡಿನಿಂದ ಉಪ್ಪಿನ ಗಾಡಿಗಳು ಆ ಊರಿಗೆ ಹೊರಟವು. ಅರಮನೆಯಲ್ಲಿ ಅವನಿಗೆ ಶಾಲು ಹೊದಿಸಿದರು.

ವರ್ಷದ ಮೇಲೆ, ತಾನು ಕಲಿಸಿದ ಸಭೆ ಹೇಗೆ ನಡೆಯುತ್ತಿದೆ ನೋಡೋಣವೆಂದು ಮತ್ತೆ ಅಲ್ಲಿಗೆ ಹೋದ. ನಡುಮಧ್ಯಾಹ್ನ. ಉಪ್ಪಿನ ಆಗರಗಳು ನೀರಿಲ್ಲದೆ ಬಿರುಕು ಬಿಟ್ಟಿದ್ದವು. ಮನೆಗಳ ಬಾಗಿಲು ತೆರೆದಿತ್ತು, ಒಲೆಗಳು ಉರಿಯುತ್ತಿದ್ದವು, ಆದರೆ ಒಂದು ನರಪಿಳ್ಳೆಯೂ ಕಾಣಲಿಲ್ಲ. ಮುದುಕಿಯ ಹೊಸ್ತಿಲಲ್ಲಿ ನಿಂತು ಕೂಗಿದ: “ಯಾರಾದರೂ ಇದ್ದೀರಾ?”

“ಇಲ್ಲ” ಎಂದಿತು ಮುದುಕಿಯ ದನಿ, ಅವನ ಕಿವಿಯ ಪಕ್ಕದಲ್ಲೇ.

ತಿರುಗಿ ನೋಡಿದ. ಬರಿಯ ಬೀದಿ. ಪಕ್ಕದ ಮನೆಯೊಳಗಿನಿಂದ “ಇಲ್ಲ” ಎಂದರು. ಆಮೇಲೆ ಎದುರು ಮನೆಯಿಂದ. ಆಮೇಲೆ ಊರಿಗೆ ಊರೇ ಎಂದಿತು, ಪಾಠ ಒಪ್ಪಿಸುವ ಹಾಗೆ, ಅವನು ಕಲಿಸಿದ ರಾಗದಲ್ಲೇ.

ಶಿಷ್ಯ ಕೇಳಿದ: “ಆ ಜನ ಎಲ್ಲಿಗೆ ಹೋಗಿದ್ದರು, ಗುರುಗಳೇ?”

“ಎಲ್ಲಿಗೂ ಹೋಗಿರಲಿಲ್ಲ, ‘ಇಲ್ಲ ಎಂದವರು ಯಾರೂ ಇಲ್ಲ’ ಎಂದು ಅವನೇ ಬರೆದುಕೊಟ್ಟಿದ್ದನಲ್ಲ.”